ಕೆಳಗೆ ಒತ್ತಿದರೆ ಸೇಫೋ, ಫೈರೋ? ಗಂಗಾವತಿಯ ಎರಡು ಪಿಸ್ತೂಲುಗಳ ಪ್ರಕರಣ

ಒಂದೇ ಮನೆ, ಒಂದೇ ಕೈ, ಒಂದೇ ಬೋರಿನ, ಅಂದರೆ ಒಂದೇ ಅಳತೆಯ ನಳಿಕೆಯ, ಎರಡು ಪಿಸ್ತೂಲು. ಒಂದರ ಸೇಫ್ಟಿ ಲೀವರನ್ನು (ಬೇಡದಾಗ ಗುಂಡು ಹಾರದಂತೆ ತಡೆಯುವ ಸಣ್ಣ ಕೀಲಿಯನ್ನು) ಕೆಳಗೆ ಒತ್ತಿದರೆ ಗುಂಡು ಹಾರಲು ಸಿದ್ಧ. ಇನ್ನೊಂದರ ಲೀವರನ್ನು ಕೆಳಗೆ ಒತ್ತಿದರೆ ಪಿಸ್ತೂಲು ಬಂದ್. ಪ್ರಕರಣ ಇಷ್ಟೇ. ಆದರೆ ಪಿಸ್ತೂಲು ಮಾಡುವವರು ನೂರು ವರ್ಷದಿಂದ ಆಡುತ್ತಿರುವ ಒಂದು ಜಗಳ ಪೂರ್ತಿ ಇದರೊಳಗಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಅಂದರೆ ಯುನಿಟ್ಟಿನ ಬಂದೂಕು, ಪಿಸ್ತೂಲು ಬಿಚ್ಚಿ, ನೋಡಿ, ರಿಪೇರಿ ಮಾಡಿ ಕೊಡುವ ಕೆಲಸ. ಈಗ ಕೊಪ್ಪಳ ಜಿಲ್ಲೆಯಲ್ಲೇ ಇದ್ದೇನೆ. ಲೈಸೆನ್ಸ್ ಇರುವ ಪರಿಚಯದವರು ರೇಂಜಿಗೆ ಅಭ್ಯಾಸಕ್ಕೆ ಹೋಗುವಾಗ ಜೊತೆಗೆ ಕರೆಯುತ್ತಾರೆ. ಹಾಗೆ ಕರೆದವರಲ್ಲಿ ಒಬ್ಬರು ಗಂಗಾವತಿಯ ರೈಸ್ ಮಿಲ್ ಸಾವ್ಕಾರ್ರು. ವಯಸ್ಸು ಎಪ್ಪತ್ತು ದಾಟಿದೆ. ಹೆಸರು ಇಲ್ಲಿ ಬೇಡ.

ಇವರ ಮನೆಯಲ್ಲಿ ಆಯುಧ ಇರೋದು ನಿಜಾಮರ ಕಾಲದಿಂದ. ಲೈಸೆನ್ಸ್ ಪುಸ್ತಕದ ಹಳೆ ಪುಟಗಳಲ್ಲೆಲ್ಲ ರಾಯಚೂರು ಜಿಲ್ಲೆಯ ಸೀಲೇ ಇದೆ, ಯಾಕಂದ್ರೆ ಕೊಪ್ಪಳ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಮೊದಲು ಮೂರು ಆಯುಧ ಇದ್ದವು: ಒಂದು 12 ಬೋರ್ ಬಂದೂಕು, ಎರಡು ಪಿಸ್ತೂಲು. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದು ಒಬ್ಬರಿಗೆ ಎರಡೇ ಅಂತಾಯಿತು. ಬಂದೂಕು ಹೋಯಿತು. ಪಿಸ್ತೂಲು ಎರಡೂ ಉಳಿದವು. ನನ್ನ ಕೇಳಿದರೆ ಬಂದೂಕು ಇಟ್ಟುಕೊಂಡು ಒಂದು ಪಿಸ್ತೂಲು ಕೊಡಬಹುದಿತ್ತು, ಮಿಲ್ ಕಾವಲಿಗೆ ಅದೇ ವಾಸಿ. ಇರಲಿ.

ಮೊದಲನೆಯದು ಅವರ ಅಪ್ಪನ ಕಾಲದ ಕೋಲ್ಟ್, ಅಮೆರಿಕದ ಕಂಪನಿಯದು, 1903ರ ಮಾದರಿ. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು. ತೆಳ್ಳಗೆ, ನುಣ್ಣಗೆ, ಜೇಬಿಗೆ ಸಿಕ್ಕಿಕೊಳ್ಳುವಂಥದ್ದು ಏನೂ ಹೊರಗೆ ಇಲ್ಲ. ಹ್ಯಾಮರ್, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ, ಇದೆ; ಆದರೆ ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲ್ಭಾಗದ) ಒಳಗೆ ಅಡಗಿದೆ. ಎರಡನೆಯದು ವಾಲ್ಟರ್ ಪಿಪಿ, ಜರ್ಮನಿಯಲ್ಲಿ 1929ರಲ್ಲಿ ಬಂದ ಮಾದರಿ. ಅದನ್ನು ಇವರು ಇನ್ನೊಬ್ಬ ಲೈಸೆನ್ಸ್‌ದಾರರಿಂದ ಕೊಂಡಿದ್ದು. ವಿದೇಶಿ ಪಿಸ್ತೂಲು ಸಾಮಾನ್ಯರು ತರಿಸಿಕೊಳ್ಳೋದು 1980ರ ದಶಕದಲ್ಲೇ ನಿಂತಿದೆ, ಹಾಗಾಗಿ ನಮ್ಮ ಕಡೆ ಇಂಥ ಹಳೆ ಮಾಲು ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ, ಬೆಲೆಯೂ ಜೋರು. ಎರಡೂ .32 ಬೋರ್, ಎರಡರ ಮ್ಯಾಗಜಿನ್‌ಗೂ (ಹಿಡಿಕೆಯೊಳಗೆ ತಳ್ಳುವ ಗುಂಡಿನ ಡಬ್ಬಿಗೂ) 8 ಗುಂಡು. ಒಂದೇ ಡಬ್ಬಿ ಕಾರ್ತೂಸು ಎರಡಕ್ಕೂ ಆಗುತ್ತದೆ. ಸಾವ್ಕಾರ್ರಿಗೆ ಇದೇ ದೊಡ್ಡ ಅನುಕೂಲ ಅನ್ನಿಸಿತ್ತು. ಕಾರ್ತೂಸು ಹೊಂದಿದರೆ ಪಿಸ್ತೂಲೂ ಹೊಂದುತ್ತವೆ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ರೇಂಜಿನಲ್ಲಿ ಆಗಿದ್ದು

2024ರ ಲೋಕಸಭೆ ಚುನಾವಣೆಗೆ ಎರಡೂ ಪಿಸ್ತೂಲು ಠಾಣೆಯಲ್ಲಿ ಜಮಾ ಆಗಿದ್ದವು. ಕೊಪ್ಪಳದಲ್ಲಿ ಮತದಾನ ಮೇ 7ಕ್ಕೆ ಮುಗಿದರೂ ಎಣಿಕೆ ಜೂನ್ 4ಕ್ಕೆ, ನೀತಿ ಸಂಹಿತೆ ಎದ್ದ ಮೇಲೆಯೇ ವಾಪಸ್ ಬಂದಿದ್ದು. ಅಷ್ಟು ದಿನ ಮುಟ್ಟದೆ ಇದ್ದುದನ್ನು ಒಮ್ಮೆ ಹೊಡೆದು ನೋಡೋಣ ಅಂತ ಹೊರಟರು. ಮಗನೂ ಬಂದಿದ್ದ. ಬಿಸಿಲು ಇನ್ನೂ ಇಳಿದಿರಲಿಲ್ಲ, ಅಂಗೈ ಬೆವರುತ್ತಿತ್ತು.

ಮೊದಲು ವಾಲ್ಟರ್ ಎತ್ತಿಕೊಂಡರು. ಮ್ಯಾಗಜಿನ್ ಹಾಕಿ, ಸ್ಲೈಡ್ ಎಳೆದು ಬಿಟ್ಟರು. ಗುಂಡು ಚೇಂಬರಿಗೆ, ಅಂದರೆ ಬ್ಯಾರಲಿನ ಹಿಂಬದಿಯಲ್ಲಿ ಗುಂಡು ಕೂರುವ ಗೂಡಿಗೆ, ಹೋಯಿತು, ಹ್ಯಾಮರ್ ಹಿಂದೆ ನಿಂತಿತು, ಲೀವರ್ ಮೇಲೆ ಇತ್ತು. ಅಂದರೆ ಪಿಸ್ತೂಲು ಆಗಲೇ ಹೊಡೆಯಲು ಸಿದ್ಧವಾಗಿತ್ತು. ಇವರ ಹೆಬ್ಬೆರಳು ಮಾತ್ರ ಕೋಲ್ಟಿನ ಅಭ್ಯಾಸದಲ್ಲಿ ತನ್ನ ಪಾಡಿಗೆ ಹೋಗಿ ಲೀವರನ್ನು ಕೆಳಗೆ ಒತ್ತಿತು. ಕಟ್ ಅಂತ ಹ್ಯಾಮರ್ ಬಿತ್ತು. ಆಮೇಲೆ ಟ್ರಿಗರ್ ಎಳೆದರು. ಏನೂ ಇಲ್ಲ.

"ಹವಾಲ್ದಾರ್ರ, ಗುಂಡು ಸತ್ತೈತಿ ನೋಡ್ರಿ. ಠಾಣ್ಯಾಗ ಇಟ್ಟು ಥಂಡಿ ಹಿಡಿಸ್ಯಾರ" ಅಂದರು.

"ತಡೀರಿ ಸಾವ್ಕಾರ್ರ, ಬ್ಯಾರಲ್ ಅತ್ಲಾಗ ಇರ್ಲಿ, ತಿರುಗಬ್ಯಾಡ್ರಿ" ಅಂತ ನಾನು ಹೇಳುವಷ್ಟರಲ್ಲಿ ಸ್ಲೈಡ್ ಎಳೆದು ಆ ಕಾರ್ತೂಸನ್ನು ಕೆಳಗೆ ಉದುರಿಸಿಯೇಬಿಟ್ಟರು. ಗುಂಡು ಹಾರದಿದ್ದಾಗ ಸ್ವಲ್ಪ ಹೊತ್ತು ಬ್ಯಾರಲನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು, ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಎಷ್ಟು ಸಲ ಹೇಳಿದರೂ ಜನ ಕಾಯಲ್ಲ.

ಬಿದ್ದ ಕಾರ್ತೂಸು ಎತ್ತಿ ನೋಡಿದೆ. ಹಿಂಭಾಗದ ಪ್ರೈಮರ್, ಅಂದರೆ ಬಡಿದಾಗ ಮದ್ದಿಗೆ ಕಿಡಿ ಕೊಡುವ ಸಣ್ಣ ಬಿಲ್ಲೆ, ನುಣ್ಣಗಿತ್ತು. ಅದನ್ನು ಬಡಿಯುವ ಫೈರಿಂಗ್ ಪಿನ್ ಅನ್ನುವ ಮೊಳೆಯ ಒಂದು ಚುಕ್ಕೆಯೂ ಇಲ್ಲ. ಕಾರ್ತೂಸು ಸತ್ತಿದ್ದರೆ ಬಡಿದ ಕುಳಿ ಇರುತ್ತದೆ, ಸದ್ದು ಮಾತ್ರ ಇರಲ್ಲ. ಇಲ್ಲಿ ಪಿನ್ ಮುಂದಕ್ಕೇ ಬಂದಿಲ್ಲ. ತಪ್ಪು ಕಾರ್ತೂಸಿನದಲ್ಲ, ಠಾಣೆಯದೂ ಅಲ್ಲ. ವಾಲ್ಟರಿನಲ್ಲಿ ಲೀವರ್ ಕೆಳಗೆ ಇಳಿದರೆ ಅದು ಮೊದಲು ಹ್ಯಾಮರಿಗೂ ಪಿನ್ನಿಗೂ ನಡುವೆ ತಡೆ ಹಾಕುತ್ತದೆ, ಆಮೇಲೆ ಹ್ಯಾಮರನ್ನು ಬೀಳಿಸುತ್ತದೆ. ಹಾಗೆ ಆಗಬೇಕು ಅಂತಲೇ ಮಾಡಿದ್ದು.

"ಇದರಾಗ ಕೆಳಗ ಅಂದ್ರ ಸೇಫ್" ಅಂತ ತೋರಿಸಿದೆ. ಲೀವರ್ ಮೇಲಿದ್ದಾಗ ಕಾಣುವ ಕೆಂಪು ಚುಕ್ಕೆ ತೋರಿಸಿದೆ. ಚೇಂಬರಿನಲ್ಲಿ ಗುಂಡಿದ್ದರೆ ಹ್ಯಾಮರಿನ ಮೇಲ್ಗಡೆ ಸಣ್ಣ ಪಿನ್ನೊಂದು ಹೊರಗೆ ಚಾಚಿಕೊಂಡು ನಿಲ್ಲುತ್ತೆ, ಕತ್ತಲಲ್ಲಿ ಬೆರಳಿಗೇ ಗೊತ್ತಾಗುತ್ತೆ, ಅದನ್ನೂ ತೋರಿಸಿದೆ. ಮ್ಯಾಗಜಿನ್ ಮುಗಿಯುವವರೆಗೆ ಚೆನ್ನಾಗಿಯೇ ಹೊಡೆದರು. ಪ್ರತಿ ಸಲ ನಿಲ್ಲಿಸಿದಾಗ ತಾವೇ "ಕೆಳಗ, ಸೇಫ್" ಅಂತ ಬಾಯಲ್ಲಿ ಹೇಳಿಕೊಂಡು ಒತ್ತಿದರು.

ಆಮೇಲೆ ಕೋಲ್ಟ್ ಎತ್ತಿಕೊಂಡರು. ಭಯ ಹುಟ್ಟಿಸಿದ್ದು ಇದು.

ಕೆಲವು ಗುಂಡು ಹೊಡೆದು, ಸಾಕು ಅಂತ ನಿಲ್ಲಿಸಿದರು. ಒಂದು ಗುಂಡು ಚೇಂಬರಿನಲ್ಲಿ, ಕೆಲವು ಮ್ಯಾಗಜಿನ್‌ನಲ್ಲಿ. ಹೆಬ್ಬೆರಳು ಹೋಗಿ ಲೀವರನ್ನು ಕೆಳಗೆ ಒತ್ತಿತು. ಲೀವರ್ ಅಲ್ಲಾಡಲಿಲ್ಲ, ಯಾಕಂದ್ರೆ ಹೊಡೆಯುವಾಗ ಅದು ಕೆಳಗೇ ಇರುತ್ತದೆ. ಅಲ್ಲಾಡದೆ ಇದ್ದುದನ್ನು ಅವರು "ಆಗಲೇ ಸೇಫ್ ಆಗಿದೆ" ಅಂತ ತಿಳಿದುಕೊಂಡರು, ಆರಾಮಾಗಿ ಸೊಂಟದ ಚರ್ಮದ ಪೌಚಿಗೆ ತುರುಕಲು ಹೋದರು. ಹ್ಯಾಮರ್ ಒಳಗಡೆ ಏರಿಯೇ ಇದೆ, ಆದರೆ ಕಣ್ಣಿಗೆ ಕಾಣಲ್ಲ. ವಾಲ್ಟರ್ ಆಗಿದ್ದರೆ ಹಿಂದೆ ನಿಂತ ಹ್ಯಾಮರ್ ನೋಡಿ ಅವರಿಗೇ ಅನುಮಾನ ಬರುತ್ತಿತ್ತು. ಕೋಲ್ಟಿನಲ್ಲಿ ಹಿಡಿಕೆಯ ಹಿಂಬದಿಗೆ ಇನ್ನೊಂದು ಸೇಫ್ಟಿ ಇದೆ, ಅಂಗೈ ಗಟ್ಟಿಯಾಗಿ ಹಿಡಿದಾಗ ಮಾತ್ರ ಟ್ರಿಗರ್ ಕೆಲಸ ಮಾಡುವ ಹಾಗೆ. ಕೈ ಜಾರಿ ನೆಲಕ್ಕೆ ಬಿದ್ದರೆ ಅದು ಕಾಪಾಡೀತು, ಆದರೆ ಪೌಚಿಗೆ ತುರುಕುವಾಗ ಮನುಷ್ಯ ಹಿಡಿಕೆಯನ್ನು ಒತ್ತಿ ಹಿಡಿದೇ ತುರುಕುತ್ತಾನೆ, ಆ ಹೊತ್ತಿಗೆ ಸರಿಯಾಗಿ ಆ ಸೇಫ್ಟಿ ಬಿಟ್ಟಿರುತ್ತದೆ. ಮಧ್ಯೆ ಉಳಿದಿದ್ದು ಒಂದೇ, ತೋರುಬೆರಳು ಟ್ರಿಗರ್ ಮೇಲೆ ಇರಲಿಲ್ಲ ಅನ್ನೋದು.

ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಮ್ಯಾಗಜಿನ್ ತೆಗೆಸಿ, ಚೇಂಬರ್ ಖಾಲಿ ಮಾಡಿಸಿ, ಎರಡೂ ಪಿಸ್ತೂಲನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆ. ಅವತ್ತಿನ ಹೊಡೆತ ಅಲ್ಲಿಗೆ ಮುಗಿಯಿತು, ಮಾತು ಮುಂದುವರಿಯಿತು.

ಎರಡು ಲೀವರ್, ಎರಡು ಲೆಕ್ಕ

ಹಳೆ ಬುಲೆಟ್ ಬೈಕ್ ಓಡಿಸಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಅದರಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬೇರೆ ಬೈಕ್‌ನಿಂದ ಇಳಿದು ಅದನ್ನು ಹತ್ತಿದವನು ಖಾಲಿ ರಸ್ತೆಯಲ್ಲಿ ಸರಿಯಾಗೇ ಓಡಿಸುತ್ತಾನೆ, ಎಮ್ಮೆ ಅಡ್ಡ ಬಂದಾಗ ಬ್ರೇಕ್ ಅಂತ ಗೇರ್ ತುಳಿಯುತ್ತಾನೆ.

ಕೋಲ್ಟಿನ ಲೀವರ್ ಇರೋದು ಫ್ರೇಮಿನ (ಹಿಡಿಕೆ, ಟ್ರಿಗರ್ ಇರುವ ಅಲ್ಲಾಡದ ಕೆಳಭಾಗದ) ಎಡಬದಿಯಲ್ಲಿ, ಹಿಂದೆ. ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳು ತಾನಾಗಿ ಬಂದು ಕೂರುವ ಜಾಗ ಅದು. ಮೇಲೆ ಸೇಫ್, ಕೆಳಗೆ ಫೈರ್. ಮುಷ್ಟಿ ಬಿಗಿ ಹಿಡಿಯುವಾಗ ಹೆಬ್ಬೆರಳು ಕೆಳಗೇ ಇಳಿಯುತ್ತದೆ ಅಲ್ವಾ, ಆ ಸಹಜ ಚಲನೆಗೆ ಫೈರ್ ಕೊಟ್ಟಿದ್ದಾರೆ. ಇದೇ ಬ್ರೌನಿಂಗ್ ಮಾಡಿದ ದೊಡ್ಡ .45 ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ತೆಗೆದುಕೊಂಡಿತು, ಅದರಲ್ಲೂ ಇದೇ ದಿಕ್ಕು. ನಾನು ಸೇನೆಯಲ್ಲಿ ಬಿಚ್ಚಿ ಜೋಡಿಸುತ್ತಿದ್ದ ಬಂಗಾಳದ ಇಶಾಪುರ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು ಕೂಡ ಅದೇ ಮನೆತನದ್ದು. 1935ರ ಬ್ರೌನಿಂಗ್ ಹೈ ಪವರ್ ಅದರ ಮೂಲ. ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಸೇವ್ ಅನ್ನುವವರು ಅದನ್ನು ಮುಗಿಸಿದ್ದು. ಅದರಲ್ಲೂ ಎಡಬದಿ, ಕೆಳಗೆ ಫೈರ್. ದಿಕ್ಕು ಸರಿ, ಆದರೆ ಲೀವರ್ ಮಾತ್ರ ಜಿಪುಣತನದಿಂದ ಮಾಡಿದ ಹಾಗೆ ಚಿಕ್ಕದು, ಬೆವರಿದ ಹೆಬ್ಬೆರಳಿಗೆ ಸಿಗುತ್ತಲೇ ಇರಲಿಲ್ಲ. 1980ರ ದಶಕದಲ್ಲಿ ಎಫ್‌ಎನ್‌ನವರು ಅಗಲವಾದ, ಎರಡೂ ಬದಿಗೆ ಇರುವ ಲೀವರ್ ಹಾಕಿದರು. ನಮ್ಮದು ಹಳೆಯ ಮಾದರಿಯಲ್ಲೇ ಉಳಿಯಿತು.

ವಾಲ್ಟರಿನ ಲೀವರ್ ಫ್ರೇಮಿನ ಮೇಲಿಲ್ಲ, ಸ್ಲೈಡಿನ ಮೇಲಿದೆ. ಮೊದಲ ನೋಟಕ್ಕೆ ಇದು ದಡ್ಡತನ ಅನ್ನಿಸುತ್ತದೆ. ಹೆಬ್ಬೆರಳು ಎತ್ತಿ ಚಾಚಬೇಕು, ಫೈರ್‌ಗೆ ತರಲು ಮೇಲಕ್ಕೆ ತಳ್ಳಬೇಕು, ಮೇಲಕ್ಕೆ ತಳ್ಳುವಾಗ ಹೆಬ್ಬೆರಳಿಗೆ ಬಲ ಕಡಿಮೆ. ಹಾಗಾದರೆ ಯಾಕೆ ಮಾಡಿದರು? ಫೈರಿಂಗ್ ಪಿನ್ ಇರೋದು ಸ್ಲೈಡಿನೊಳಗೆ. ಲೀವರ್ ಅಲ್ಲೇ ಇದ್ದರೆ ಅದು ಪಿನ್ನನ್ನೇ ಕಾಯಬಹುದು. ಕೋಲ್ಟಿನ ಲೀವರ್ ಹ್ಯಾಮರನ್ನು ಏರಿದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತದೆ, ವಾಲ್ಟರಿನದು ಹ್ಯಾಮರ್ ಬಿದ್ದರೂ ಗುಂಡು ಹಾರದ ಹಾಗೆ ನೋಡಿಕೊಳ್ಳುತ್ತದೆ. ಇನ್ನೊಂದು, ಇದು ನಿಜವಾಗಿ ಮುಖ್ಯವಾದದ್ದು: ವಾಲ್ಟರಿನಲ್ಲಿ ಮೊದಲ ಗುಂಡಿಗೆ ಹ್ಯಾಮರ್ ಏರಿಸಿ ಇಡಬೇಕಿಲ್ಲ. ಟ್ರಿಗರನ್ನು ಉದ್ದಕ್ಕೆ, ಗಟ್ಟಿಯಾಗಿ ಎಳೆದರೆ ಹ್ಯಾಮರ್ ತಾನೇ ಏರಿ ಬೀಳುತ್ತದೆ. ಹಾಗಾಗಿ ಲೀವರ್ ಕೆಳಗೆ ಒತ್ತಿ ಹ್ಯಾಮರ್ ಇಳಿಸಿ, ಮತ್ತೆ ಲೀವರ್ ಮೇಲೆ ಮಾಡಿ ಇಟ್ಟುಕೊಂಡರೂ ಆ ಗಟ್ಟಿ ಎಳೆತವೇ ಒಂದು ಕಾವಲು. ಹೊಡೆಯುವ ಕ್ಷಣದಲ್ಲಿ ಲೀವರ್ ಮುಟ್ಟುವ ಕೆಲಸವೇ ಇಲ್ಲ.

ಈ ಒಂದು ಮಾತು ಹಿಡಿದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಕೋಲ್ಟಿನವನು ಲೀವರನ್ನು ಹೊಡೆಯುವ ಕ್ಷಣಕ್ಕೆ ಅಂತ ಇಟ್ಟ, ಅದಕ್ಕೆ ಹೆಬ್ಬೆರಳಿನ ಕೆಳಗೆ ಇಟ್ಟ. ವಾಲ್ಟರಿನವನು ಹೊಡೆದು ಮುಗಿಸಿದ ಕ್ಷಣಕ್ಕೆ ಅಂತ ಇಟ್ಟ, ಆಗ ಅವಸರ ಇರಲ್ಲ, ಸ್ವಲ್ಪ ದೂರ ಇದ್ದರೂ ನಡೆಯುತ್ತದೆ. ಲೀವರ್ ಎಲ್ಲಿದೆ ಅನ್ನೋದಕ್ಕಿಂತ, ಅದನ್ನು ಯಾವಾಗ ಮುಟ್ಟಬೇಕು ಅಂತ ವಿನ್ಯಾಸ ಮಾಡಿದವನು ಯೋಚಿಸಿದ್ದ ಅನ್ನೋದನ್ನು ಕೇಳಬೇಕು. ಪಿಸ್ತೂಲು ಮಾರುವವರು ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ.

ವಾಲ್ಟರಿಗೆ ಇನ್ನೊಂದು ಲಾಭ ಇದೆ. ಸೇಫ್‌ನಲ್ಲಿ ಇಟ್ಟೇ ಸ್ಲೈಡ್ ಎಳೆದು ಚೇಂಬರ್ ಖಾಲಿ ಮಾಡಬಹುದು. ಕೋಲ್ಟಿನಲ್ಲಿ ಸೇಫ್ಟಿ ಹಾಕಿದರೆ ಸ್ಲೈಡೇ ಬೀಗ ಹಾಕಿದ ಹಾಗೆ ನಿಲ್ಲುತ್ತದೆ. ಖಾಲಿ ಮಾಡಬೇಕು ಅಂದರೆ ಮೊದಲು ಫೈರ್‌ಗೆ ತರಬೇಕು. ಮನೆಯಲ್ಲಿ ಮಕ್ಕಳು ಮರಿ ಓಡಾಡುವ ಕಡೆ ಖಾಲಿ ಮಾಡುವ ಕ್ಷಣವೇ ಜಾಸ್ತಿ ಅಪಾಯದ್ದು, ಹಾಗಾಗಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಸೋವಿಯತ್ ರಷ್ಯಾ 1951ರಲ್ಲಿ ತೆಗೆದುಕೊಂಡ ಮಕಾರೋವ್ ಪಿಸ್ತೂಲು ನೋಡಿದರೆ ಈ ಜಗಳ ಎಷ್ಟು ಆಳದ್ದು ಅಂತ ಗೊತ್ತಾಗುತ್ತದೆ. ಅದರ ಒಟ್ಟು ಆಕಾರ ವಾಲ್ಟರಿನದೇ, ಲೀವರ್ ಕೂಡ ಸ್ಲೈಡಿನ ಮೇಲೆಯೇ. ಆದರೆ ದಿಕ್ಕು ತಿರುಗಿಸಿದರು. ಮೇಲೆ ಸೇಫ್, ಕೆಳಗೆ ಫೈರ್. ಹೆಬ್ಬೆರಳಿನ ಸಹಜ ಚಲನೆ ವಾಪಸ್ ಸಿಕ್ಕಿತು. ಬದಲಿಗೆ ಸೇಫ್‌ನಲ್ಲಿ ಸ್ಲೈಡ್ ಎಳೆಯುವ ಅನುಕೂಲ ಹೋಯಿತು, ಅದರಲ್ಲಿ ಸೇಫ್ಟಿ ಹಾಕಿದರೆ ಸ್ಲೈಡ್ ನಿಲ್ಲುತ್ತದೆ. ಇಟಲಿಯ ಬೆರೆಟ್ಟಾ 92ರ ಕತೆ ಇನ್ನೂ ಮಜ. 1975ರಲ್ಲಿ ಲೀವರ್ ಫ್ರೇಮಿನ ಮೇಲಿತ್ತು. ಆಮೇಲೆ ಹ್ಯಾಮರ್ ಇಳಿಸುವ ಸೌಕರ್ಯ ಬೇಕು ಅಂತ ಸ್ಲೈಡಿನ ಮೇಲಕ್ಕೆ ಹೋಯಿತು, ಕೆಳಗೆ ಸೇಫ್ ಆಯಿತು. 1985ರಲ್ಲಿ ಅಮೆರಿಕದ ಸೇನೆ ಅದನ್ನೇ ಎಂ9 ಅಂತ ತೆಗೆದುಕೊಂಡಿತು. ಎಪ್ಪತ್ತು ವರ್ಷ ಕೆಳಗೆ ಫೈರ್ ಅಂತ ಕಲಿಸಿದ ಸೇನೆ ಅದು! ಅಲ್ಲಿ ಬಂದ ದೂರು ಏನಂದ್ರೆ, ಗುಂಡು ಸಿಕ್ಕಿಕೊಂಡಾಗ ಅವಸರದಲ್ಲಿ ಸ್ಲೈಡ್ ಹಿಡಿದು ಎಳೆಯುತ್ತಾರೆ, ಆಗ ಬೆರಳು ತಾಗಿ ಲೀವರ್ ಕೆಳಗಿಳಿದು ಪಿಸ್ತೂಲು ಗೊತ್ತಿಲ್ಲದೆ ಸೇಫ್ ಆಗುತ್ತದೆ. 2017ರಲ್ಲಿ ಅವರು ಸಿಗ್ ಪಿ320 ಆರಿಸಿದಾಗ ಲೀವರ್ ಮತ್ತೆ ಫ್ರೇಮಿಗೆ ಬಂತು, ಎರಡೂ ಬದಿಗೆ.

1982ರಲ್ಲಿ ಬಂದ ಆಸ್ಟ್ರಿಯಾದ ಗ್ಲಾಕ್ 17 ಹೆಬ್ಬೆರಳಿನ ಸೇಫ್ಟಿಯನ್ನೇ ತೆಗೆದುಹಾಕಿತು. ಅದು ನಮ್ಮ ಸಾವ್ಕಾರ್ರಿಗೆ ಸಂಬಂಧ ಇಲ್ಲದ ಮಾತು, 9 ಎಂಎಂ ಸಾಮಾನ್ಯರಿಗೆ ನಿಷೇಧಿತ ಬೋರ್.

ಮಗನ ಎಡಗೈ

ಯಾರಾದರೂ ಮೊದಲು ಕೊಡುವ ಸಲಹೆ ಅಂದರೆ ಕೋಲ್ಟ್ ಬಿಡಿ, ವಾಲ್ಟರ್ ಇಟ್ಟುಕೊಳ್ಳಿ ಅಂತ. ಹ್ಯಾಮರ್ ಕಾಣುತ್ತದೆ, ಗುಂಡಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತದೆ, ಸೇಫ್‌ನಲ್ಲೇ ಖಾಲಿ ಮಾಡಬಹುದು. ಕಾಗದದ ಮೇಲೆ ಸರಿ. ಆದರೆ ಸಾವ್ಕಾರ್ರ ಹೆಬ್ಬೆರಳು ಯೌವನದಿಂದ ಕಲಿತಿರೋದು ಕೋಲ್ಟ್. ಎಪ್ಪತ್ತು ದಾಟಿದ ಮೇಲೆ ಆ ಬೆರಳಿಗೆ ತಲೆಕೆಳಗಾದ ಪಾಠ ಹೇಳಿಸಿದರೆ ಏನಾಗುತ್ತೆ ಅಂತ ಅರ್ಧ ಗಂಟೆಯಲ್ಲೇ ನೋಡಿದ್ದೆವು. ಹೊಸ ಪಾಠ ಹಳೆ ಪಿಸ್ತೂಲಿಗೆ ದಾಟಿತ್ತು.

ಅಷ್ಟರಲ್ಲಿ ಮಗ ಖಾಲಿ ವಾಲ್ಟರ್ ಎತ್ತಿ ಹಿಡಿದು ನೋಡುತ್ತಿದ್ದ. ಎಡಗೈಯಲ್ಲಿ.

"ಕಾಕಾ, ನಾ ಎಡಚ. ನನ್ನ ಕೈಗೆ ಇದು ಲೀವರ್ರೇ ಸಿಗಂಗಿಲ್ಲಲ್ಲ" ಅಂದ.

ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಪಿಸ್ತೂಲಿನ ಬಲಬದಿಗೆ ಹೋಗುತ್ತದೆ, ಅಲ್ಲಿ ಏನೂ ಇಲ್ಲ. ಲೀವರ್ ಎಡಬದಿಯಲ್ಲಿ, ತೋರುಬೆರಳಿನ ಬುಡದ ಹಿಂದೆ, ಯಾವ ಬೆರಳಿಗೂ ಎಟುಕದ ಕಡೆ. ಹಳೆಯ ಪಿಸ್ತೂಲುಗಳೆಲ್ಲ ಬಲಗೈಯವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದವು.

ಕೋಲ್ಟ್ ಇವನ ಕೈಗೆ ಕೊಟ್ಟರೆ ಪ್ರತಿ ಸಲ ಹೊಡೆಯುವ ಮುಂಚೆ ಬಲಗೈಯಿಂದ ಸೇಫ್ಟಿ ಇಳಿಸಬೇಕು, ಇಲ್ಲ ಅಂದರೆ ಹಿಡಿತ ಸಡಿಲಿಸಿ ಒದ್ದಾಡಬೇಕು. ವಾಲ್ಟರ್ ಹಾಗಲ್ಲ. ಹ್ಯಾಮರ್ ಇಳಿಸಿ ಲೀವರ್ ಮೇಲೆ ಮಾಡಿಟ್ಟರೆ ಹೊಡೆಯಲು ಲೀವರಿನ ಹಂಗೇ ಇಲ್ಲ. ಹೊಡೆದು ಮುಗಿದ ಮೇಲೆ, ಬ್ಯಾರಲ್ ಗುರಿಯ ಕಡೆಗೇ ಇರುವಾಗ, ಬಲಗೈಯಿಂದ ನಿಧಾನಕ್ಕೆ ಲೀವರ್ ಇಳಿಸಬಹುದು. ಬಲಗೈಯವರಿಗಾಗಿ ಮಾಡಿದ ಪಿಸ್ತೂಲೇ ಎಡಚನಿಗೆ ಕಡಿಮೆ ತೊಂದರೆಯದು ಆಯಿತು, ಬರೀ ಲೀವರ್ ಮುಟ್ಟುವ ಹೊತ್ತು ಬೇರೆ ಅನ್ನುವ ಕಾರಣಕ್ಕೆ.

ಹಾಗಾಗಿ ಸಲಹೆ ಬೇರೆಯಾಯಿತು. ಎರಡೂ ಇರಲಿ, ಆದರೆ ಒಬ್ಬರ ಬಳಿ ಎರಡೂ ಬೇಡ. 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್‌ದಾರರಿಗೆ 70 ವರ್ಷ ಆದರೆ, ಅಥವಾ ಆಯುಧ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರ ಹೆಸರಿಗೆ ಕೊಡಲು ಅವಕಾಶ ಇದೆ. ವಾಲ್ಟರ್ ಮಗನ ಹೆಸರಿಗೆ, ಕೋಲ್ಟ್ ಅಪ್ಪನ ಬಳಿ. ಮಗನಿಗೆ ಲೈಸೆನ್ಸ್ ಬರುವವರೆಗೆ ವಾಲ್ಟರನ್ನು ಲೈಸೆನ್ಸ್ ಇರುವ ಡೀಲರ್ ಬಳಿ ಡಿಪಾಸಿಟ್ ಇಡೋದು ಅಂತಾಯಿತು, ಮನೆಯ ತಿಜೋರಿಯಲ್ಲಿ ಎರಡೂ ಒಟ್ಟಿಗೆ ಇರಲೇಬಾರದು ಅಂತ ನಾನು ಹಟ ಹಿಡಿದೆ. ಸಾವ್ಕಾರ್ರಿಗೆ ಸ್ವಲ್ಪ ಬೇಸರ ಆಯಿತು. "ಎರಡೂ ನಂದೇ ದುಡ್ಡಿಂದು" ಅಂದರು. ಆದರೆ ಒಪ್ಪಿದರು, ಪೌಚಿನ ಹತ್ತಿರ ನಿಂತುಹೋದ ಕೈ ಅವರಿಗೂ ನೆನಪಿತ್ತು.

ಕೋಲ್ಟಿಗೆ ಒಂದು ಷರತ್ತು. ಚೇಂಬರಿನಲ್ಲಿ ಗುಂಡು ಇಡೋ ಹಾಗಿಲ್ಲ. ಮ್ಯಾಗಜಿನ್ ಒಳಗಿರಲಿ, ಚೇಂಬರ್ ಖಾಲಿ ಇರಲಿ. ಹೊಡೆಯುವ ಪ್ರಸಂಗ ಬಂದರೆ ಸ್ಲೈಡ್ ಎಳೆಯಬೇಕು, ಎರಡೂ ಕೈ ಬೇಕು, ಕ್ಷಣ ತಡ ಆಗುತ್ತೆ, ಎಲ್ಲ ನಿಜ. ಅಡಗಿದ ಹ್ಯಾಮರು, ತಪ್ಪಿದ ಹೆಬ್ಬೆರಳು ಎರಡೂ ಒಟ್ಟಿಗಿರುವಾಗ ಆ ಕ್ಷಣದ ತಡ ನನಗೆ ಸೋವಿ ಅನ್ನಿಸುತ್ತದೆ. ಆಗ ಲೀವರಿನ ದಿಕ್ಕು ಯಾವುದಾದರೂ ಏನೂ ಕೆಡುವುದಿಲ್ಲ.

ಬಿಚ್ಚಿ ನೋಡಿದಾಗ ಸಿಕ್ಕ ಇನ್ನೊಂದು ವಿಷಯ. ಮಿಲ್‌ನಲ್ಲಿ ಕೂತ ಪಿಸ್ತೂಲಿಗೆ ತೌಡಿನ ಪುಡಿ ಹೋಗದೆ ಇರಲ್ಲ. ಎಣ್ಣೆ ಜಾಸ್ತಿ ಹಚ್ಚಿದ್ದರು, ಪುಡಿ ಅದರ ಜೊತೆ ಸೇರಿ ಕೋಲ್ಟಿನ ಲೀವರ್ ಕೂರುವ ಕುಳಿಯಲ್ಲಿ ಮೇಣದ ಹಾಗೆ ಗಟ್ಟಿಯಾಗಿತ್ತು. ಲೀವರ್ ಮೇಲೆ ಹೋದಾಗ ಟಿಕ್ ಅಂತ ಕೂರಬೇಕು, ಇದು ಮುಕ್ಕಾಲಿಗೆ ನಿಲ್ಲುತ್ತಿತ್ತು. ಅರ್ಧಕ್ಕೆ ನಿಂತ ಸೇಫ್ಟಿಯನ್ನು ನಂಬುವ ಹಾಗಿಲ್ಲ. ತೊಳೆದು, ಒರೆಸಿ, ಎಣ್ಣೆ ಬರೀ ಒಂದು ಪದರ ಬಿಟ್ಟೆ. ಸಂಡೂರಿನ ಕಡೆ ಕೆಂಪು ಧೂಳಿನಲ್ಲಿ ಓಡಾಡುವವರ ಪಿಸ್ತೂಲಿನಲ್ಲೂ ಇದೇ ಕತೆ, ಬಣ್ಣ ಮಾತ್ರ ಬೇರೆ.

ಮಗನ ಲೈಸೆನ್ಸ್ ಬಂದ ಮೇಲೆ ಮತ್ತೆ ರೇಂಜಿಗೆ ಹೋದೆವು. ಲೀವರಿನ ತೊಂದರೆ ಬರಲಿಲ್ಲ, ಮ್ಯಾಗಜಿನ್ ಗುಂಡಿಯ ತೊಂದರೆ ಬಂತು. ವಾಲ್ಟರಿನಲ್ಲಿ ಮ್ಯಾಗಜಿನ್ ಬಿಡಿಸುವ ಗುಂಡಿ ಎಡಬದಿಯಲ್ಲಿ, ಟ್ರಿಗರಿನ ಹಿಂದೆ ಮೇಲ್ಗಡೆ ಇದೆ. ಎಡಚ ಬಿಗಿ ಹಿಡಿದರೆ ತೋರುಬೆರಳಿನ ಬುಡ ಸರಿಯಾಗಿ ಅದರ ಮೇಲೆ ಬರುತ್ತದೆ. ಒಂದು ಗುಂಡು ಹಾರಿದ್ದೇ ಮ್ಯಾಗಜಿನ್ ಅರ್ಧ ಇಂಚು ಕೆಳಗೆ ಜಾರಿತು, ಎರಡನೇ ಗುಂಡು ಚೇಂಬರಿಗೆ ಬರಲೇ ಇಲ್ಲ. ಕೋಲ್ಟಿನಲ್ಲಿ ಈ ಬಿಡಿಕೆ ಹಿಡಿಕೆಯ ಬುಡದಲ್ಲಿ ಇರೋದರಿಂದ ಈ ತಾಪತ್ರಯ ಬರುತ್ತಿರಲಿಲ್ಲ. ತೋರುಬೆರಳನ್ನು ಸ್ವಲ್ಪ ಮೇಲೆ ಎತ್ತಿ ಹಿಡಿಯಲು ಕಲಿಸಿದೆ, ಟ್ರಿಗರ್ ಮೇಲೆ ಇಲ್ಲದಾಗ ಬೆರಳು ಸ್ಲೈಡಿನ ಪಕ್ಕಕ್ಕೆ ಒರಗಿರಬೇಕು ಅಂತ. ಈಗ ಮೂರು ಮ್ಯಾಗಜಿನ್‌ನಲ್ಲಿ ಒಂದು ಸಲ ಜಾರುತ್ತದೆ. ಗುಂಡಿಯ ಸ್ಪ್ರಿಂಗ್ ಹಳೆಯದಾಗಿದೆ ಅನ್ನೋದು ನನ್ನ ಅನುಮಾನ, ಅದನ್ನು ಬದಲಾಯಿಸಲು ಲೈಸೆನ್ಸ್ ಇರುವ ರಿಪೇರಿಯವರ ಬಳಿ ಕೊಟ್ಟಿದ್ದಾರೆ.